ಕಮಾನಿನ ಮೇಲೆ ಬರೆದ ನೂರು

ಈ ಸಭೆಯ ಅಧ್ಯಕ್ಷರೂ ನಮ್ಮ ಶಿಕ್ಷಣ ಸಂಸ್ಥೆಯ ಚೇರಮನ್ನರೂ ಆದ ಶ್ರೀಮಾನ್ ಬಾಬಾಸಾಹೇಬ ಅಣ್ಣಾವರೇ, ಮುಖ್ಯಾಧ್ಯಾಪಕರಾದ ಶೀತಲ ಸರ್ ಅವರೇ, ಇಂದಿನ ಸನ್ಮಾನಿತರಾದ ಕುಮಾರಿ ಮಯೂರಿ ಕಾಂಬಳೆ ಅವರೇ, ಪೆಂಡಾಲಿನ ಆಚೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತ ಪಾಲಕರೇ, ಶಾಲೆಯ ವಾರ್ಷಿಕ ಗ್ಯಾದರಿಂಗ್ ಎಂದರೆ ಡಾನ್ಸು ಎಂದು ನಂಬಿ ಬಂದು ನನ್ನ ಕೈಗೆ ಸಿಕ್ಕಿಬಿದ್ದ ವಿದ್ಯಾರ್ಥಿಗಳೇ, ಮತ್ತು ಸಮಸ್ತ ಸಭಿಕರೇ,

ಶೀತಲ ಸರ್ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅವರು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ನನ್ನ ಹತ್ತು ನಿಮಿಷ ಎಷ್ಟು ಉದ್ದ ಇರುತ್ತದೆ ಎಂಬುದು ಅವರಿಗೆ ಗೊತ್ತು. ಆದ್ದರಿಂದಲೇ ಊಟವನ್ನು ಒಂದು ತಾಸು ಮುಂದೆ ಹಾಕಿದ್ದಾರೆ. ಅವರಿಗೆ ಮೊದಲ ಧನ್ಯವಾದ.

ಇವತ್ತಿನ ಆಮಂತ್ರಣ ಪತ್ರಿಕೆ ನಿಮ್ಮೆಲ್ಲರ ಕೈಯಲ್ಲಿದೆ. ಕೆಲವರು ಅದನ್ನು ಬೀಸಣಿಕೆ ಮಾಡಿಕೊಂಡಿದ್ದೀರಿ. ದಯವಿಟ್ಟು ಒಂದು ಕ್ಷಣ ಗಾಳಿ ನಿಲ್ಲಿಸಿ ಅದನ್ನು ತೆರೆದು ನೋಡಬೇಕು. ಐದನೆಯ ಕಾರ್ಯಕ್ರಮ: ‘ಸತತ ಒಂಬತ್ತು ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ತಂದ ನಿವೃತ್ತ ಮುಖ್ಯಾಧ್ಯಾಪಕ ಶ್ರೀ ಪಾರಿಸ ಉಪಾಧ್ಯೆ ಅವರ ಹೆಸರಿನ ಕಮಾನು ಉದ್ಘಾಟನೆ.’ ಆ ಪಾರಿಸ ಉಪಾಧ್ಯೆ ನಾನೇ. ಕಮಾನು ಅಲ್ಲಿ ಗೇಟಿನ ಹತ್ತಿರ ಬಿಳಿ ಬಟ್ಟೆ ಹೊದ್ದು ನಿಂತಿದೆ. ಆರನೆಯ ಕಾರ್ಯಕ್ರಮ: ‘ಶಾಲೆಯ ಹೆಮ್ಮೆಯ ಹಳೆಯ ವಿದ್ಯಾರ್ಥಿನಿ, ಎರಡು ಸಾವಿರದ ಹನ್ನೆರಡನೆಯ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚಿನ ಕುಮಾರಿ ಮಯೂರಿ ಜ್ಞಾನದೇವ ಕಾಂಬಳೆ ಅವರಿಗೆ ಸನ್ಮಾನ. ಸನ್ಮಾನ ಪತ್ರ ವಾಚನ: ಶ್ರೀ ಪಾರಿಸ ಉಪಾಧ್ಯೆ.’

ಸಭಿಕರೇ, ಈ ಎರಡು ಕಾರ್ಯಕ್ರಮಗಳಲ್ಲಿ ಒಂದು ಮಾತ್ರ ನಡೆಯಲು ಸಾಧ್ಯ. ಇದನ್ನು ಕಂಡುಹಿಡಿದದ್ದು ನಾನಲ್ಲ. ಶೀತಲ ಸರ್ ಅಲ್ಲ. ಮೂರು ಸಲ ಪ್ರೂಫ್ ನೋಡಿದ ನಿಪ್ಪಾಣಿಯ ಪ್ರೆಸ್ಸಿನವರೂ ಅಲ್ಲ. ಕಂಡುಹಿಡಿದದ್ದು ಒಂದು ಕಂಪ್ಯೂಟರು.

ಮಯೂರಿ ಮಾಡುವ ಕೆಲಸ ಏನು ಎಂಬುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ. ಮೊನ್ನೆಯ ದೀಪಾವಳಿಯವರೆಗೆ ನನಗೂ ಗೊತ್ತಿರಲಿಲ್ಲ. ಚಿಕ್ಕೋಡಿಯಲ್ಲಿ ಕೋರ್ಟಿನ ಹಿಂದೆ ಒಂದು ಗೊಬ್ಬರದ ಅಂಗಡಿ ಇದೆ. ಅದರ ಮೇಲಿನ ಅಂತಸ್ತಿನಲ್ಲಿ ಎರಡು ಖೋಲಿ. ಅಲ್ಲಿ ಎಂಟು ಜನ ಹೆಣ್ಣುಮಕ್ಕಳು ಕುಳಿತು ಕಂಪ್ಯೂಟರಿಗೆ ಕನ್ನಡ ಓದಲು ಕಲಿಸುತ್ತಾರೆ. ಅ, ಆ, ಇ, ಈ ಅಲ್ಲ. ಅದು ಅದಕ್ಕೆ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಜನ ಬರೆದು ಹಾಕಿದ್ದನ್ನೆಲ್ಲ ಅದು ಓದುತ್ತದೆ: ಸುದ್ದಿ, ಜಾಹೀರಾತು, ಸೊಸೈಟಿಯ ವಾರ್ಷಿಕ ವರದಿ, ಮದುವೆಯ ಆಮಂತ್ರಣ. ಓದಿ ಅದರೊಳಗಿನ ಸಂಗತಿಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತದೆ. ಕೃಷ್ಣಾ ಒಂದು ನದಿ. ಐನಾಪುರ ಒಂದು ಊರು, ಕಾಗವಾಡ ತಾಲೂಕಿನಲ್ಲಿದೆ. ಹೀಗೆ.

ಇದನ್ನು ಅದಕ್ಕೆ ಯಾರೂ ಬಾಯಿಪಾಠ ಮಾಡಿಸುವುದಿಲ್ಲ. ಯಾವ ಹೆಸರಿನ ಮುಂದೆ ‘ತುಂಬಿ ಹರಿಯಿತು’ ಎಂದು ಮೇಲಿಂದ ಮೇಲೆ ಬರುತ್ತದೆಯೋ ಅದು ನದಿ ಇರಬೇಕು ಎಂದು ತಾನೇ ಊಹಿಸುತ್ತದೆ. ಈ ಲೆಕ್ಕದ ಮೇಲೆ ಅದು ನಮ್ಮ ಕಡೆಯ ಒಂದು ಬಸ್ ನಿಲ್ದಾಣವನ್ನು ನದಿ ಎಂದು ಬರೆದುಕೊಂಡಿತ್ತು. ಮಳೆಗಾಲದ ಸುದ್ದಿ ಓದಿದ ಯಾರಾದರೂ ಹಾಗೆಯೇ ತಿಳಿದುಕೊಳ್ಳುತ್ತಿದ್ದರು. ಕೊಗನೊಳ್ಳಿ ಎಂಬುದು ಊರೋ ಟೋಲ್ ನಾಕಾದ ಹೆಸರೋ ಎಂದು ಅದಕ್ಕೆ ಇವತ್ತಿಗೂ ಸಂಶಯ ಇದೆಯಂತೆ. ಇಂಥ ಸಂಶಯ ಬಂದಾಗ ಅದು ಮನುಷ್ಯರನ್ನು ಕೇಳುತ್ತದೆ. ಮಯೂರಿ ಮತ್ತು ಅವರ ಸಂಗಡಿಗರು ಪರದೆಯ ಮೇಲೆ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಸರಿ, ಇಲ್ಲವೇ ತಪ್ಪು. ನಡುವೆ ಮೂರನೆಯ ಗುಂಡಿ ಇಲ್ಲ. ನಾನು ಹುಡುಕಿ ನೋಡಿದ್ದೇನೆ.

ದೀಪಾವಳಿಯ ಪಾಡ್ಯದ ದಿನ ಮಯೂರಿ ನಮ್ಮ ಮನೆಗೆ ಬಂದರು. “ಸರ್, ನಿಮ್ಮಿಂದ ಒಂದ ಕೆಲಸ ಆಗಬೇಕಿತ್ರಿ. ನಮ್ಮ ಕಂಪ್ಯೂಟರ ನಿಮ್ಮ ಸನ್ಮಾನ ಪತ್ರ ಓದಾಕತ್ತೈತ್ರಿ, ಅದಕ್ಕ ಭಾಳ ಡೌಟ್ ಅದಾವ” ಎಂದರು.

ಮುಚ್ಚಿಡುವುದೇಕೆ, ನನಗೆ ಬಹಳ ಸಂತೋಷವಾಯಿತು. ಮೂವತ್ತು ವರ್ಷಗಳಲ್ಲಿ ನಾನು ಬರೆದ ಸನ್ಮಾನ ಪತ್ರಗಳು ನೂರ ಹನ್ನೆರಡು. ರಾಯಬಾಗದಿಂದ ಅಥಣಿಯವರೆಗೆ ಯಾರಿಗೆ ಶಾಲು ಹೊದಿಸಬೇಕಾದರೂ ಪತ್ರಕ್ಕೆ ನನ್ನ ಕಡೆಗೇ ಬರುತ್ತಾರೆ. ನನ್ನ ಅಕ್ಷರ ಗುಂಡಗೆ ಇದೆ ಮತ್ತು ನನ್ನ ಬಳಿ ವಿಶೇಷಣಗಳು ಬಹಳ ಇವೆ. ಅವನ್ನೆಲ್ಲ ನಮ್ಮ ಸಂಸ್ಥೆಯವರು ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದರು. ಸನ್ಮಾನ ಪತ್ರವನ್ನು ಯಾರು ಓದುತ್ತಾರೆ, ಹೇಳಿ? ವೇದಿಕೆಯಲ್ಲಿ ನಾನು ಓದುವಾಗ ನೀವು ಮಾತಾಡುತ್ತಿರುತ್ತೀರಿ. ಪಡೆದವರು ಕಟ್ಟು ಹಾಕಿಸಿ ಟಿ.ವಿ.ಯ ಮೇಲೆ ತೂಗುಹಾಕುತ್ತಾರೆ. ಹಾರದ ಹಾಗೆಯೇ ಅದು, ಗಾತ್ರ ಒಂದನ್ನು ನೋಡುತ್ತಾರೆ. ಮೂವತ್ತು ವರ್ಷಗಳಲ್ಲಿ ನನ್ನ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮೊಟ್ಟಮೊದಲ ಓದುಗ ಈ ಕಂಪ್ಯೂಟರು. ಓದಿ, ನಂಬಿದ ಮೊದಲ ಓದುಗನೂ ಅದೇ. ಅಲ್ಲಿಯೇ ತಾಪತ್ರಯ ಶುರುವಾಯಿತು.

ನೂರ ಹನ್ನೆರಡು ಜನರಲ್ಲಿ ನೂರ ಒಂಬತ್ತು ಜನ ಬಡ ರೈತ ಕುಟುಂಬದಲ್ಲಿ ಹುಟ್ಟಿದವರು. ಉಳಿದ ಮೂವರ ಪತ್ರದಲ್ಲಿ ಆ ಸಾಲಿನ ಮೇಲೆ ಫೋಟೊ ಅಂಟಿಸಿದ್ದರಿಂದ ಓದಲು ಬರಲಿಲ್ಲ. ಅಥಣಿ, ಕಾಗವಾಡ, ರಾಯಬಾಗ ಈ ಮೂರು ತಾಲೂಕುಗಳಲ್ಲಿ ಶ್ರೀಮಂತರ ಮನೆಯಲ್ಲಿ ಮಕ್ಕಳು ಹುಟ್ಟುವುದೇ ಇಲ್ಲ ಎಂದು ಕಂಪ್ಯೂಟರು ತೀರ್ಮಾನಿಸಿತ್ತು. ಅಣ್ಣಾವರೇ, ಕ್ಷಮಿಸಬೇಕು, ನಿಮ್ಮ ಪತ್ರದಲ್ಲೂ ನಾನು ಹಾಗೆಯೇ ಬರೆದಿದ್ದೆ. ಇನ್ನೊಂದು ಪುಟದಲ್ಲಿ ಅದೇ ಕಂಪ್ಯೂಟರು ನೀವು ಹುಟ್ಟಿದ ಇಪ್ಪತ್ತೆಂಟು ಅಂಕಣದ ವಾಡೆಯ ವರ್ಣನೆ ಓದಿತು. ಬಡತನ ಯಾವ ಅಂಕಣದಲ್ಲಿ ಇತ್ತು ಎಂದು ಅದು ಕೇಳಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ರೂಪಾಲಿ ಎಂಬ ಹುಡುಗಿ ಕೇಳಿದಳು. ನಿಜವಾಗಿಯೂ ಬಡವರ ಮನೆಯಲ್ಲಿ ಹುಟ್ಟಿದವರು ಯಾರಾದರೂ ಸನ್ಮಾನಕ್ಕೆ ಬಂದರೆ ಏನು ಬರೆಯಬೇಕು ಎಂದು ನನಗೆ ಆಗ ಚಿಂತೆಯಾಯಿತು. ಆ ಸಾಲನ್ನು ನಾನು ಸವೆಸಿ ಇಟ್ಟಿದ್ದೇನೆ.

ಅಜಾತಶತ್ರುಗಳು ನಲವತ್ತೊಂದು ಜನ. ಅವರಲ್ಲಿ ಇಬ್ಬರು ಒಡಹುಟ್ಟಿದ ಅಣ್ಣತಮ್ಮಂದಿರು, ಬದುವಿನ ಸಲುವಾಗಿ ಹದಿನಾಲ್ಕು ವರ್ಷಗಳಿಂದ ಚಿಕ್ಕೋಡಿಯ ಕೋರ್ಟಿಗೆ ಬೇರೆ ಬೇರೆ ಬಸ್ಸಿನಲ್ಲಿ ಹೋಗುತ್ತಾರೆ. ‘ಅಮೃತ ಹಸ್ತ’ ಎಂಬುದು ಶಾಸಕರಿಗೆ ಮಾತ್ರ ಬೆಳೆಯುವ ಅಂಗವೇ ಎಂದು ಅದು ಕೇಳಿತ್ತು. ಒಂದೇ ಊರಿಗೆ ಮೊಟ್ಟಮೊದಲು ಹೊಳೆಯ ನೀರು ತಂದವರು ನಾಲ್ಕು ಜನ ಇದ್ದರು. ಮೊಟ್ಟಮೊದಲಿನವನು ಒಬ್ಬನೇ ಇರಬೇಕು, ಎರಡು ಸಂಗತಿಗಳು ಒಂದಕ್ಕೊಂದು ಹೊಂದದಿದ್ದರೆ ಅವುಗಳಲ್ಲಿ ಒಂದು ಸುಳ್ಳಾಗಿರಬೇಕು ಎಂದು ಆ ಕಂಪ್ಯೂಟರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಹೇಳಿಕೊಟ್ಟವರು ಸನ್ಮಾನ ಸಮಾರಂಭಗಳಿಗೆ ಹೋದವರಲ್ಲ.

ಹೀಗಾಗಿ ದೀಪಾವಳಿ ಆದಂದಿನಿಂದ ನಾನು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬಸ್ಸು ಹಿಡಿದು ಚಿಕ್ಕೋಡಿಗೆ ಹೋಗತೊಡಗಿದೆ. ಮಯೂರಿಯ ಪಕ್ಕದಲ್ಲಿ ಕುಳಿತು ನನ್ನದೇ ವಾಕ್ಯಗಳಿಗೆ ತಪ್ಪು, ತಪ್ಪು, ತಪ್ಪು ಎಂದು ಒತ್ತಿದೆ. ಬೆರಳಿಗೆ ರೂಢಿಯಾದ ಮೇಲೆ ಅದರಲ್ಲೂ ಒಂದು ಸುಖ ಇದೆ. ನನ್ನ ಮನೆಯವರು ಕಮಲಾಬಾಯಿ ಒಂದು ದಿನ ಕೇಳಿದರು: “ವಾರಕ್ಕ ಎರಡ ಸಲ ಎಲ್ಲಿಗೆ ಹೊಂಟೀರಿ?” ನಾನು ಬರೆದದ್ದಕ್ಕೆ ತಪ್ಪು ಎಂದು ಒತ್ತಲು ಎಂದೆ. “ಅದಕ್ಕ ಚಿಕ್ಕೋಡಿತನಕ ಯಾಕ ಹೋಗಬೇಕ್ರಿ, ಮನ್ಯಾಗ ಕುಂತ ಒತ್ತೂವಷ್ಟ ಅದಾವಲ್ಲ” ಎಂದರು. ಮದುವೆಯಾಗಿ ನಲವತ್ತೈದು ವರ್ಷವಾಯಿತು. ಅವರ ಮಾತಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ನಲವತ್ತನಾಲ್ಕು ವರ್ಷವಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಅಣ್ಣಾವರು ಗಡಿಯಾರ ನೋಡಿದ್ದು ನನಗೆ ಕಂಡಿತು.

ಮೂರು ವಾರಗಳ ಹಿಂದೆ ಈ ಆಮಂತ್ರಣ ಪತ್ರಿಕೆಯನ್ನು ವೆಬ್‌ಸೈಟಿನಲ್ಲಿ ಹಾಕಿದರು. ಕಂಪ್ಯೂಟರು ಓದಿತು. ಮಂಗಳವಾರ ನಾನು ಹೋಗಿ ಕುಳಿತಾಗ ಮಯೂರಿಯ ಪರದೆಯ ಮೇಲೆ ಮೂರು ಸಾಲು ಇದ್ದವು. ಒಂದು: ಈ ಶಾಲೆಯ ಎರಡು ಸಾವಿರದ ಹನ್ನೆರಡರ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು. ಇದಕ್ಕೆ ಸಾಕ್ಷಿ, ಒಂಬತ್ತು ಪುಟ. ಎರಡು: ಮಯೂರಿ ಕಾಂಬಳೆ ಈ ಶಾಲೆಯ ಅದೇ ವರ್ಷದ ಬ್ಯಾಚಿನ ವಿದ್ಯಾರ್ಥಿನಿ. ಸಾಕ್ಷಿ, ಇವತ್ತಿನ ಆಮಂತ್ರಣ. ಮೂರು: ಮಯೂರಿ ಕಾಂಬಳೆ ಅದೇ ಮಾರ್ಚಿನ ಪರೀಕ್ಷೆಯಲ್ಲಿ ಗಣಿತದಲ್ಲಿ ಅನುತ್ತೀರ್ಣ. ಸಾಕ್ಷಿ, ಅವರ ಕಚೇರಿಯ ಪುಟದಲ್ಲಿ ಅವರೇ ತಮ್ಮ ಬಗ್ಗೆ ಬರೆದುಕೊಂಡ ನಾಲ್ಕು ಸಾಲು. ನಮ್ಮ ಕಡೆ ತಮ್ಮ ಬಗ್ಗೆ ತಾವೇ ಬರೆಯುವಾಗ ನಪಾಸಾದದ್ದನ್ನು ಬರೆದವರನ್ನು ನಾನು ಬೇರೆ ಕಂಡಿಲ್ಲ.

ಈ ಮೂರೂ ಸರಿ ಇರಲಾರವು ಎಂದು ಕಂಪ್ಯೂಟರು ಹೇಳಿತ್ತು. ಒಬ್ಬಳು ನಪಾಸಾದ ಬ್ಯಾಚಿನಲ್ಲಿ ನೂರಕ್ಕೆ ನೂರು ಎಲ್ಲಿಂದ ಬರುತ್ತದೆ?

ಮಯೂರಿ ನನ್ನ ಮುಖ ನೋಡಲಿಲ್ಲ. ಪರದೆಯನ್ನೇ ನೋಡುತ್ತ ಹೇಳಿದರು: “ಸರ್, ಇದರಾಗ ಒಂದಕ್ಕ ತಪ್ಪು ಒತ್ತಬೇಕ್ರಿ. ಮೂರನೇದು ಖರೇ ಐತ್ರಿ, ಮಾರ್ಕ್ಸ್ ಕಾರ್ಡ್ ಮನ್ಯಾಗ ಐತಿ. ಒಂದನೇದೋ, ಎರಡನೇದೋ, ನೀವ ಹೇಳ್ರಿ.”

“ಸದ್ಯಕ್ಕ ಬಿಟ್ಟಬಿಡವಾ” ಎಂದೆ.

“ಬಿಡಾಕ ಬರೂದಿಲ್ರಿ. ಬಿಟ್ಟರ ಮತ್ತ ನಾಳೆ ಕೇಳತೈತಿ.”

“ಒಂದನೇದಕ್ಕ ಒಂಬತ್ತ ಪುಟ ಸಾಕ್ಷಿ ಅದಾವಲ್ಲ.”

“ಒಂಬತ್ತೂ ನೀವ ಬರದದ್ದ ಅಲ್ರಿ, ಸರ?”

ಹೌದು. ಒಂಬತ್ತೂ ನಾನು ಬರೆದವೇ. ಎಂಟು ಶಾಲೆಯ ವರದಿಗಳು, ಒಂಬತ್ತನೆಯದು ನನ್ನ ನಿವೃತ್ತಿಯ ದಿನ ನನಗೆ ಕೊಟ್ಟ ಸನ್ಮಾನ ಪತ್ರ. ಅದನ್ನೂ ನಾನೇ ಬರೆದೆ. ಈ ಭಾಗದಲ್ಲಿ ಬರೆಯುವವರು ಬೇರೆ ಯಾರಿದ್ದರು? ಗ್ಯಾದರಿಂಗಿನ ದಿನ ಹೇಳುತ್ತೇನೆ ಎಂದು ಮಯೂರಿಗೆ ಹೇಳಿ ಎದ್ದು ಬಂದೆ. ಅಂದಿನಿಂದ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ನಾನು ಹೋಗಿ ಕುಳಿತೊಡನೆ ಅವರು ಒಂದೇ ಮಾತು ಹೇಳುತ್ತಾರೆ: “ಇವತ್ತೂ ಕೇಳಿತ್ರಿ, ಸರ.” ಸಿಟ್ಟು ಇಲ್ಲ, ಸೆಡವು ಇಲ್ಲ. ಹಾಲಿನವನು ಬಂದಿದ್ದ ಎಂದು ಹೇಳುವ ಹಾಗೆ ಹೇಳುತ್ತಾರೆ.

ಸಭಿಕರೇ, ಮೂರೂ ಸರಿ ಇರಲು ಒಂದು ದಾರಿ ಇದೆ. ಅದು ಕಂಪ್ಯೂಟರಿಗೆ ಗೊತ್ತಿಲ್ಲ, ಏಕೆಂದರೆ ಅದನ್ನು ಯಾರೂ ಎಲ್ಲಿಯೂ ಬರೆದು ಹಾಕಿಲ್ಲ. ಇಲ್ಲಿ ಕುಳಿತ ಶಿಕ್ಷಕರಿಗೆ ಗೊತ್ತು. ತಲೆ ತಗ್ಗಿಸಬೇಡಿ, ನಿಮ್ಮ ಹೆಸರು ಹೇಳುವುದಿಲ್ಲ. ನವೆಂಬರಿನಲ್ಲಿ ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಒಂದು ಪೂರ್ವ ಪರೀಕ್ಷೆ ತೆಗೆದುಕೊಳ್ಳುತ್ತೇವೆ. ಪಾಸಾಗುವ ಭರವಸೆ ಇಲ್ಲದವರ ಪಾಲಕರನ್ನು ಕರೆಸುತ್ತೇವೆ. ಒಳ್ಳೆಯ ಮಾತು ಹೇಳಿ, ಶಾಲೆ ಬಿಟ್ಟ ದಾಖಲೆ ಕೊಟ್ಟು, ಹೊರಗಿನ ವಿದ್ಯಾರ್ಥಿ ಎಂದು ಖಾಸಗಿಯಾಗಿ ಫಾರ್ಮು ತುಂಬಿಸುತ್ತೇವೆ. ಅವರು ಮಾರ್ಚಿನಲ್ಲಿ ನಪಾಸಾದರೂ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಇದಕ್ಕೆ ‘ಬ್ಯಾಚು ಹಸನು ಮಾಡುವುದು’ ಎನ್ನುತ್ತಿದ್ದೆವು, ಜೋಳ ಹಸನು ಮಾಡಿದ ಹಾಗೆ.

ಆ ವರ್ಷ ಹತ್ತನೆಯ ತರಗತಿಯಲ್ಲಿ ಅರವತ್ತನಾಲ್ಕು ಮಕ್ಕಳಿದ್ದರು. ಪರೀಕ್ಷೆಗೆ ಶಾಲೆಯಿಂದ ಕುಳಿತವರು ಅರವತ್ತಮೂರು. ಪಾಸಾದವರು ಅರವತ್ತಮೂರು. ಗಣಿತದ ಪ್ರಕಾರ ಇದರಲ್ಲಿ ದೋಷವಿಲ್ಲ. ಛೇದ ಸಣ್ಣದಾದರೆ ಭಾಗಲಬ್ಧ ದೊಡ್ಡದಾಗುತ್ತದೆ. ಇದನ್ನು ಎಂಟನೆಯ ತರಗತಿಗೆ ಕಲಿಸುತ್ತಿದ್ದವನು ನಾನೇ. ಹೌದು, ನಾನು ಗಣಿತದ ಶಿಕ್ಷಕ. ಈ ಮಾತನ್ನು ಇಷ್ಟು ಹೊತ್ತು ಹೇಳದೆ ಬಂದೆ ಎಂಬುದು ಈಗ ನನ್ನ ಗಮನಕ್ಕೆ ಬಂತು.

ಮಯೂರಿಯ ತಂದೆ ಜ್ಞಾನದೇವ ಅವರು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಈಗ ‘ಅವರು’ ಎನ್ನುತ್ತಿದ್ದೇನೆ. ಅಂದು ಕಚೇರಿಗೆ ಕರೆಸಿದಾಗ “ಕುಂದರೋ, ಜ್ಞಾನದೇವ” ಎಂದೆ. ಅವರು ಕುರ್ಚಿಯ ತುದಿಗೆ ಕುಳಿತರು. ಚಹಾ ತರಿಸಿದೆ. ಮಗಳು ಐದು ವರ್ಷ ಓದಿದರೂ ಆ ಕಚೇರಿಯಲ್ಲಿ ಅವರಿಗೆ ಚಹಾ ಸಿಕ್ಕದ್ದು ಅದೊಂದೇ ಸಲ. ನಾನು ಹೇಳಿದೆ: “ಹುಡುಗಿ ಶಾಣ್ಯಾ ಅದಾಳ. ಆದರ ಕಬ್ಬಿನ ಸೀಸನ್‌ದಾಗ ನಿಮ್ಮ ಕೂಡ ಕಡಿಯಾಕ ಬಂದು ಪಾಠ ತಪ್ಪ್ಯಾವ. ಹೊರಗಿಂದ ಪರೀಕ್ಷಾ ಕಟ್ಟಲಿ, ಅಕೀಗೂ ತ್ರಾಸ ಕಡಿಮಿ. ಸರ್ಟಿಫಿಕೇಟ ಅದ ಬರತೈತಿ.”

ಜ್ಞಾನದೇವ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ನೀವ ಹೇಳಿದ ಮ್ಯಾಲ ಮುಗೀತ್ರಿ, ಸರ. ಪೋರೀದು ಚಲೋ ಆಗತೈತಿ ಅಂದ್ರ ಎಲ್ಲಿ ಸಹಿ ಮಾಡ್ಲಿ ಹೇಳ್ರಿ” ಎಂದರು. ಮರಾಠಿಯಲ್ಲಿ ಸಹಿ ಮಾಡಿದರು. ಎಂಟು ದಿನ ಬಿಟ್ಟು ನಮ್ಮ ಮನೆಗೆ ಬಂದು ಒಂದು ಬೆಲ್ಲದ ಪೆಂಟಿ ಕೊಟ್ಟುಹೋದರು. ಅರವತ್ತನಾಲ್ಕು ಮಕ್ಕಳಲ್ಲಿ ನನ್ನ ಮಗಳ ಬಗ್ಗೆ ಹೆಡ್‌ಮಾಸ್ತರರು ಇಷ್ಟು ಕಾಳಜಿ ಮಾಡಿದರಲ್ಲ ಎಂದು. ಆ ಬೆಲ್ಲವನ್ನು ನಾವು ಸಂಕ್ರಾಂತಿಯವರೆಗೆ ತಿಂದೆವು. ಬಹಳ ಚೆನ್ನಾಗಿತ್ತು. ತಿಂದದ್ದನ್ನು ತಿಂದೆ ಎಂದು ಹೇಳಬೇಕು.

ಇನ್ನೊಂದು ಲೆಕ್ಕ ಬಾಕಿ ಇದೆ. ಆ ವರ್ಷದ ಪೂರ್ವ ಪರೀಕ್ಷೆಯಲ್ಲಿ ಮಯೂರಿಗೆ ಗಣಿತದಲ್ಲಿ ಬಂದದ್ದು ಹತ್ತೊಂಬತ್ತು. ಅದೇ ತರಗತಿಯಲ್ಲಿ ಹದಿಮೂರು ಬಂದವನೊಬ್ಬನಿದ್ದ. ಅಣ್ಣಾವರೇ, ಅದು ನಿಮ್ಮ ವಿಕ್ರಾಂತ. ಅವನ ಹೆಸರನ್ನು ನಾನು ಹಸನು ಮಾಡಲಿಲ್ಲ. ನಿಮ್ಮನ್ನು ಕಚೇರಿಗೆ ಕರೆಸಿ ಕುರ್ಚಿಯ ತುದಿಗೆ ಕೂಡಿಸಿ ಚಹಾ ಕುಡಿಸಿ ಸಹಿ ಮಾಡಿಸುವ ಧೈರ್ಯ ನನಗಿರಲಿಲ್ಲ. ಅದರ ಬದಲು ಮೂರು ತಿಂಗಳು ದಿನಾ ಸಂಜೆ ನಿಮ್ಮ ವಾಡೆಗೆ ಬಂದು ಪಾಠ ಹೇಳಿದೆ. ಹುಡುಗ ಮೂವತ್ತೆಂಟು ತೆಗೆದ. ಕಲಿಸಿದರೆ ಬರುತ್ತದೆ ಎಂಬುದು ಅಂದರೆ ನನಗೆ ಗೊತ್ತಿತ್ತು. ಹದಿಮೂರಕ್ಕೆ ಬಂದದ್ದು ಹತ್ತೊಂಬತ್ತಕ್ಕೆ ಬರುತ್ತಿರಲಿಲ್ಲವೇ? ಜಗಲಿಯಲ್ಲಿ ಇನ್ನೊಂದು ಚಾಪೆ ಹಾಕಿದ್ದರೆ ಸಾಕಿತ್ತು.

ಮಾರ್ಚಿನಲ್ಲಿ ಏನಾಯಿತು ಎಂದು ನಾನು ಕೇಳಿರಲಿಲ್ಲ. ಹದಿಮೂರು ವರ್ಷ ಕೇಳಿರಲಿಲ್ಲ. ಕಳೆದ ಶುಕ್ರವಾರ ಬಸ್ಸಿಗೆ ಕಾಯುತ್ತ ನಿಂತಾಗ ಮಯೂರಿ ತಾವಾಗಿಯೇ ಹೇಳಿದರು. ಪರೀಕ್ಷೆಗೆ ಅವರು ನಮ್ಮ ಶಾಲೆಯ ಸಮವಸ್ತ್ರದಲ್ಲೇ ಹೋಗಿದ್ದರು. ಮನೆಯಲ್ಲಿ ಬೇರೆ ಒಳ್ಳೆಯ ಬಟ್ಟೆ ಇರಲಿಲ್ಲ. ಬಾಗಿಲಲ್ಲಿ “ಯಾವ ಸಾಲಿ?” ಎಂದು ಕೇಳಿದರು. ಇವರು ನಮ್ಮ ಶಾಲೆಯ ಹೆಸರು ಹೇಳಿದರು. ನಮ್ಮ ಶಾಲೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಖಾಸಗಿಯವರ ಪಟ್ಟಿ ಬೇರೆ ಕೋಣೆಯಲ್ಲಿ. ಅಲ್ಲಿಗೆ, ಇಲ್ಲಿಗೆ ಓಡಾಡಿ ಜಾಗ ಸಿಗುವಷ್ಟರಲ್ಲಿ ಅರ್ಧ ತಾಸು ಹೋಗಿತ್ತು. ಅಂದು ಗಣಿತದ ಪರೀಕ್ಷೆ, ಅಂದೇ ಕೋಣೆಗಳನ್ನು ಬದಲಿಸಿದ್ದರು. ನಾಲ್ಕು ಅಂಕದಿಂದ ನಪಾಸಾದರು. ಆ ಅರ್ಧ ತಾಸಿನಲ್ಲಿ ನಾಲ್ಕು ಅಂಕ ಇದ್ದವೇ? ಯಾವ ಪುಟದಲ್ಲೂ ಇದಕ್ಕೆ ಸಾಕ್ಷಿ ಇಲ್ಲ. ಗಣಿತದ ಮಾಸ್ತರನಾಗಿ ನನ್ನ ಅಂದಾಜು, ಇದ್ದವು.

ಜೂನ್ ತಿಂಗಳ ಪರೀಕ್ಷೆಯಲ್ಲಿ ಅವರು ತಾವೇ ಓದಿ ಪಾಸಾದರು. ಮುಂದೆ ಚಿಕ್ಕೋಡಿಯ ಕಾಲೇಜಿಗೆ ಹೋದರು. ಅದರಲ್ಲಿ ನನ್ನದು ಏನೂ ಇಲ್ಲ.

ಅಣ್ಣಾವರು ಒಳ್ಳೆಯವರು. ಅವರಿಗೆ ಈ ವಿಷಯ ಮೊನ್ನೆ ತಿಳಿಸಿದೆ. ಅವರು ಒಂದು ಉಪಾಯ ಹೇಳಿದರು: “ಸರ್, ನೀವ ಎರಡನೇದಕ್ಕ ತಪ್ಪು ಒತ್ತರಿ. ‘ಹಳೆಯ ವಿದ್ಯಾರ್ಥಿನಿ’ ಅನ್ನೂದ ತಗದು ‘ನಮ್ಮೂರ ಮಗಳು’ ಅಂತ ಮಾಡೂನು. ಹುಡುಗಿಗೂ ಶಾಲು ಸಿಗತೈತಿ, ಕಮಾನೂ ಉಳೀತೈತಿ, ಕಂಪ್ಯೂಟರಿಗೂ ಸಮಾಧಾನ.” ಕಾಗದದ ಪ್ರಕಾರ ಅದು ಸರಿಯೂ ಹೌದು. ನವೆಂಬರಿನಲ್ಲಿ ದಾಖಲೆ ಕೊಟ್ಟ ಮೇಲೆ ಅವರು ನಮ್ಮ ವಿದ್ಯಾರ್ಥಿನಿ ಅಲ್ಲ. ಸಹಿ ಇದೆ. ನಾನು ಮುಖ್ಯಾಧ್ಯಾಪಕನಾಗಿದ್ದರೆ ಇದೇ ಉಪಾಯ ಹೇಳುತ್ತಿದ್ದೆ. ನಿಮ್ಮ ಮುಂದೆ ದೊಡ್ಡವನಾಗಿ ಏಕೆ ನಿಲ್ಲಲಿ, ನಿನ್ನೆ ಮಧ್ಯಾಹ್ನದವರೆಗೆ ನಾನು ಅದನ್ನು ಒಪ್ಪಿಕೊಂಡೂ ಇದ್ದೆ. ‘ನಮ್ಮೂರ ಮಗಳು’ ಎಂದು ಪತ್ರವನ್ನೂ ಬರೆದಿದ್ದೆ. ಗುಂಡಗೆ ಬಂದಿತ್ತು.

ಊಟಕ್ಕೆ ಕುಳಿತಾಗ ಕಮಲಾಬಾಯಿಯವರಿಗೆ ಓದಿ ತೋರಿಸಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ಅಂದ್ರ ಅಕೀನ್ನ ಎರಡನೇ ಸಲ ಸಾಲಿ ಬಿಡಸ್ತೀರಿ?” ಎಂದರು.

ಕೈ ತೊಳೆದು ಹೊರಗೆ ಬಂದು ಕುಳಿತೆ. ನನಗೆ ನಾಚಿಕೆಯಾಯಿತು, ಸಭಿಕರೇ. ಎಪ್ಪತ್ತು ದಾಟಿದ ಮೇಲೆ ಹೊಸದಾಗಿ ನಾಚಿಕೆಯಾಗುವುದು ಬಹಳ ತ್ರಾಸದ ಕೆಲಸ.

ಮಯೂರಿ, ಒಂದನೆಯದಕ್ಕೆ ತಪ್ಪು ಒತ್ತಬೇಕು. ನೂರಕ್ಕೆ ನೂರು ತಪ್ಪು. ಎರಡನೆಯದು ಸರಿ.

ಎರಡು ಸಾವಿರದ ಹನ್ನೆರಡು ಒಂದೇ ಅಲ್ಲ. ಒಂಬತ್ತು ವರ್ಷಗಳಲ್ಲಿ ನಾನು ಹಸನು ಮಾಡಿದ ಮಕ್ಕಳು ಹನ್ನೊಂದು. ಕಂಪ್ಯೂಟರಿಗೆ ಒಬ್ಬರು ಗೊತ್ತು. ಉಳಿದವರ ಬಗ್ಗೆ ಎಲ್ಲಿಯೂ ಒಂದು ಸಾಲಿಲ್ಲ, ಅವರು ಇದ್ದರು ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಆದ್ದರಿಂದ ಹೆಸರು ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ರಾಜಾರಾಮ ಭೀಮಾ ಮಾಂಗ. ಲಗಮವ್ವ ಸಿದ್ದಪ್ಪ ನಾಯಿಕ. ದಸ್ತಗೀರ ಮೀರಾಸಾಬ ಮುಲ್ಲಾ. ಸುವರ್ಣಾ ಮಾರುತಿ ಕಾಂಬಳೆ. ಶಿವರಾಜ ಯಲ್ಲಪ್ಪ ಹರಿಜನ. ಸಂಜಯ ಬಾಳು ವಡ್ಡರ. ಅಕ್ಕುತಾಯಿ ರಾಮು ಶಿಂಗೆ. ಮಹಾದೇವಿ ಕಲ್ಲಪ್ಪ ಕೋಳಿ. ಅಪ್ಪಾಸಾಬ ದಾದು ಮಾನೆ. ಸನ್ಮತಿ ಭರತ ಕುಂಬಾರ. ಇವರೆಲ್ಲರೂ ಈ ಶಾಲೆಯ ವಿದ್ಯಾರ್ಥಿಗಳು. ಇವರಲ್ಲಿ ದ್ರಾಕ್ಷಿ ತೋಟದ ಶ್ರೀಮಂತರ ಮಕ್ಕಳು ಒಬ್ಬರೂ ಇಲ್ಲ.

ಅಣ್ಣಾವರೇ, ಕುಳಿತುಕೊಳ್ಳಬೇಕು, ಮುಗಿಸುತ್ತೇನೆ. ಐದನೆಯ ಕಾರ್ಯಕ್ರಮ ರದ್ದಾಗಿದೆ. ಕಮಾನು ಗಟ್ಟಿಯಾಗಿದೆ, ಮಕ್ಕಳು ಅದರ ಕೆಳಗೆ ಹೋಗಿಬರಲಿ. ಅದರ ಮೇಲಿನ ಅಂಕಿ ಮತ್ತು ಹೆಸರನ್ನು ಪೇಂಟರ ಬಂದು ಅಳಿಸುತ್ತಾನೆ, ನಾನೇ ಹೇಳಿ ಬಂದಿದ್ದೇನೆ.

ಈಗ ಆರನೆಯ ಕಾರ್ಯಕ್ರಮ. ನಿನ್ನೆ ಸಂಜೆ ಹೊಸದಾಗಿ ಬರೆದ ಸನ್ಮಾನ ಪತ್ರ. ಇದರಲ್ಲಿ ವಿಶೇಷಣಗಳಿಲ್ಲ, ದಯವಿಟ್ಟು ಎಲ್ಲರೂ ಕೇಳಬೇಕು.

‘ಕುಮಾರಿ ಮಯೂರಿ ಜ್ಞಾನದೇವ ಕಾಂಬಳೆ ಅವರು ಈ ಶಾಲೆಯಲ್ಲಿ ಐದು ವರ್ಷ ಓದಿದರು. ಎರಡು ಸಾವಿರದ ಹನ್ನೆರಡರ ಮಾರ್ಚಿನಲ್ಲಿ ಈ ಶಾಲೆಯ ಬಟ್ಟೆ ತೊಟ್ಟು, ಈ ಶಾಲೆಯ ಹೆಸರು ಹೇಳಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದರು. ಗಣಿತದಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದು ಈ ಶಾಲೆಯಿಂದ ಅನುತ್ತೀರ್ಣರಾದರು. ಅವರಿಗೆ ಗಣಿತ ಕಲಿಸಬೇಕಾದವನು ನಾನು.’

ಜ್ಞಾನದೇವ ಅವರೇ, ವೇದಿಕೆಗೆ ಬರಬೇಕು. ಶಾಲು ನಾನು ಹೊದಿಸುವುದು ಸರಿಯಲ್ಲ. ಮಗಳಿಗೆ ನೀವೇ ಹೊದಿಸಬೇಕು. ನನ್ನ ಕುರ್ಚಿ ಖಾಲಿ ಇದೆ, ಅದರಲ್ಲಿ ಪೂರ್ತಿ ಕುಳಿತುಕೊಳ್ಳಿ.

ಊಟದ ಹೊತ್ತು ಮೀರುವವರೆಗೆ ಸಹಿಸಿಕೊಂಡ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.